ಕಣ್ಣಿನ ಹಿಂದೆ ಉಳಿದ ಗುಂಡು

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ಸಂಜೆ ಆರು ಗಂಟೆ ಐವತ್ತೆರಡು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಬಸ್ ನಿಲ್ದಾಣದ ಫಲಕವನ್ನೇ ನೋಡುತ್ತಿದ್ದೆ. ಕಿಂಗ್ಸ್‌ಬರಿಗೆ ಹೋಗುವ ಬಸ್ಸಿಗೆ ಇನ್ನು ಮೂರು ನಿಮಿಷ ಎಂದು ಅದು ತೋರಿಸುತ್ತಿತ್ತು. ಲಂಡನ್ನಿನ ಒಂದು ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಸಿದ್ಧಪಡಿಸುವುದು ನನ್ನ ಕೆಲಸ. ಮೂರು ನಿಮಿಷ ಎಂದು ಕಂಡರೆ ಅದನ್ನು ಮನಸ್ಸಿನಲ್ಲೇ ನಾಲ್ಕೂವರೆ ಎಂದು ತಿದ್ದಿಕೊಳ್ಳುವ ಅಭ್ಯಾಸ.

ಕ್ವೀನ್ಸ್‌ಬರಿಯ ಅಂಗಡಿ ಸಾಲಿನಲ್ಲಿ ಅವ್ವ ಹೇಳಿದ್ದನ್ನೆಲ್ಲ ಕೊಂಡು ನಿಂತಿದ್ದೆ. ತೆಂಗಿನಕಾಯಿ, ವೀಳ್ಯದೆಲೆ, ಒಂದು ಕಟ್ಟು ಮೆಂತ್ಯೆ ಸೊಪ್ಪು. ನವರಾತ್ರಿ ನಡೆಯುತ್ತಿತ್ತು. ಚಳಿ ಆಗಲೇ ಬಂದಿದ್ದರಿಂದ ಅವ್ವ ಹೆಣೆದ ದಪ್ಪ ಉಣ್ಣೆಯ ಮಫ್ಲರನ್ನು ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಮೊದಲು ಕೊರಳ ಹತ್ತಿರ ಯಾರೋ ಬೆರಳಿನಿಂದ ಚಿಮ್ಮಿದ ಹಾಗಾಯಿತು. ಯಾರೆಂದು ತಿರುಗಿದೆ. ತಿರುಗಿದಾಗಲೇ ಎಡಗಣ್ಣಿನ ಕೆಳಗೆ ಬಿತ್ತು.

ನೋವು ತಕ್ಷಣ ಬರಲಿಲ್ಲ. ಕಪಾಳಕ್ಕೆ ಹೊಡೆದಂಥ ಬಿಸಿ, ಆಮೇಲೆ ಕೈಯೆಲ್ಲ ಒದ್ದೆ. ಯಾರೋ ಪಟಾಕಿ ಎಸೆದರು ಎಂದುಕೊಂಡೆ. ಆ ತಿಂಗಳಲ್ಲಿ ನಮ್ಮ ಕಡೆಯ ಬೀದಿಗಳಲ್ಲಿ ಸಂಜೆಯಾದರೆ ಪಟಾಕಿಯ ಸದ್ದು ಮಾಮೂಲು. ಬಸ್ಸು ಬಂತು. ಚಾಲಕ ಇಳಿದು ಬಂದು ನನ್ನನ್ನು ಒಳಗೆ ಕೂರಿಸಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ನನ್ನಿಂದ ನಿಮ್ಮ ಬಸ್ಸು ತಡವಾಗುತ್ತದೆ, ಕ್ಷಮಿಸಿ ಎಂದು ನಾನು ಹೇಳಿದೆನಂತೆ. ಈ ಬಸ್ಸು ಸರಿಯಾದ ಹೊತ್ತಿಗೆ ಹೋದದ್ದನ್ನು ನಾನೂ ನೋಡಿಲ್ಲ, ಸುಮ್ಮನೆ ಕೂತಿರು ತಾಯಿ ಎಂದು ಅವರು ಸಮಾಧಾನ ಹೇಳಿದರಂತೆ. ಇದನ್ನು ಅವರೇ ಆಮೇಲೆ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಓದಿದೆ. ನನಗೆ ನೆನಪಿರುವುದು ಅವರ ಕೈಗವಸಿನ ವಾಸನೆ ಮಾತ್ರ.

ಆಸ್ಪತ್ರೆಯಲ್ಲೂ ಮೊದಲು ಪಟಾಕಿಯ ಗಾಯ ಎಂದೇ ಬರೆದುಕೊಂಡರು. ಅವ್ವ, ಅಪ್ಪ ಕಿಂಗ್ಸ್‌ಬರಿಯಿಂದ ಟ್ಯಾಕ್ಸಿ ಹಿಡಿದು ಬಂದರು. ಅವರ ಹಿಂದೆಯೇ ಸ್ಟ್ಯಾನ್ಮೋರಿನಿಂದ ಶಾಂತಲಾ ಆಂಟಿ ಕಾರಿನಲ್ಲಿ ಬಂದರು. ಆಂಟಿ ಮೈಸೂರಿನವರು, ಬೇರೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ನಮ್ಮ ಕನ್ನಡದವರ ಮನೆಯಲ್ಲಿ ಯಾರಿಗೆ ಏನಾದರೂ ಮೊದಲ ಫೋನು ಅವರಿಗೇ ಹೋಗುತ್ತದೆ. ಹೊರಗೆ ಕುರ್ಚಿಗಳ ಮೇಲೆ ಮೂವರೂ ಕಾದರು. ನನ್ನನ್ನು ಸ್ಕ್ಯಾನಿಗೆ ಕರೆದೊಯ್ಯಲು ಇನ್ನೂ ಹೊತ್ತಿತ್ತು. ನರ್ಸ್ ಒಬ್ಬಳು ನನ್ನ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅವ್ವನ ಕೈಗೆ ಕೊಟ್ಟಳು.

ಇನ್ನು ಮುಂದಿನದನ್ನು ಹೇಳಬೇಕಾದರೆ ನಮ್ಮ ಮನೆಯ ದೀಪದ ಬಗ್ಗೆ ಹೇಳಬೇಕು. ನಾವು ಧಾರವಾಡದವರು. ನವರಾತ್ರಿಯಲ್ಲಿ ಘಟ್ಟ ಹಾಕಿದರೆ, ಅಂದರೆ ದೇವಿಯ ಕಲಶ ಕೂರಿಸಿದರೆ, ಒಂಬತ್ತು ದಿನವೂ ನಂದಾದೀಪ ಆರಬಾರದು. ಇಲ್ಲಿಗೆ ಬಂದ ಮೇಲೂ ಅವ್ವ ಅದನ್ನು ಒಂದು ವರ್ಷವೂ ತಪ್ಪಿಸಿಲ್ಲ. ಮನೆಯ ಹೊಗೆ ಅಲಾರಂ ಕೂಗದಂತೆ ದೀಪವನ್ನು ಕಿಟಕಿಯ ಪಕ್ಕ ಇಟ್ಟು ನೋಡಿಕೊಂಡಿದ್ದಾಳೆ. ಅವತ್ತು ಮಗಳ ಕಣ್ಣು ಹೋಗಿದೆಯೋ ಉಳಿದಿದೆಯೋ ತಿಳಿಯದ ಹೊತ್ತಿನಲ್ಲಿ ಮನೆಯಲ್ಲಿ ದೀಪ ಆರಿಹೋದರೆ ಎಂಬ ಭಯ ಅವಳನ್ನು ಹಿಡಿಯಿತು. ಸ್ಕ್ಯಾನಿಗೆ ಇನ್ನೂ ಎರಡು ತಾಸು, ನಾನು ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಆಂಟಿ ಕಾರು ತೆಗೆದರು.

ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡದೆ ದೀಪ ಮುಟ್ಟುವಂತಿಲ್ಲ. ಆಸ್ಪತ್ರೆಯ ಬಟ್ಟೆ ಮನೆಯೊಳಗೆ ಹಾಗೇ ಇರುವಂತೆಯೂ ಇಲ್ಲ. ಅವ್ವ ಚೀಲವನ್ನು ನೆಲಕ್ಕಿಡದೆ ನೇರವಾಗಿ ಮಷೀನಿಗೆ ಸುರಿದಳು. ತನ್ನ ಸೀರೆಯನ್ನೂ ಹಾಕಿ, ರಕ್ತದ ಕಲೆ ಹೋಗಲಿ ಎಂದು ಬಿಸಿನೀರಿಗೆ ತಿರುಗಿಸಿ, ಸ್ನಾನ ಮಾಡಿ, ದೀಪಕ್ಕೆ ಎಣ್ಣೆ ಎರೆದು ಮರಳಿ ಬಂದಳು. ದೀಪ ಆರಿರಲಿಲ್ಲ. ಅದನ್ನು ಅವಳು ನನ್ನ ಕಿವಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಒಳ್ಳೆಯ ಸುದ್ದಿ ತಂದವಳ ದನಿ ಅದು.

ಅವಳು ಮರಳಿದ ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ಆಯಿತು. ಕಣ್ಣುಗುಡ್ಡೆಯ ಹಿಂದೆ, ದೃಷ್ಟಿನರಕ್ಕೆ ತಾಗಿದಷ್ಟು ಹತ್ತಿರ, ಬಿಳಿ ಚುಕ್ಕೆ. ಏರ್ ರೈಫಲಿನ ಸೀಸದ ಗುಂಡು. ಆಗ ಪೊಲೀಸರಿಗೆ ಫೋನು ಹೋಯಿತು. ಅಷ್ಟರಲ್ಲಿ ಅವರಿಗೆ ಬೇರೆ ಕಡೆಗಳಿಂದಲೂ ಕರೆ ಬಂದಿದ್ದವು. ಅದೇ ಸಂಜೆ, ಅದೇ ಒಂದು ಗಂಟೆಯ ಒಳಗೆ, ಇನ್ನೂ ಮೂರು ಜನರ ಮೇಲೆ ಯಾರೋ ಕಾರಿನೊಳಗಿನಿಂದ ಗುಂಡು ಹಾರಿಸಿದ್ದರು. ಒಬ್ಬರು ತಮಿಳು ನರ್ಸ್, ಒಬ್ಬರು ಗುಜರಾತಿನವರು, ಒಬ್ಬರು ಸೊಮಾಲಿಯಾದ ಹುಡುಗ. ಮೈಬಣ್ಣ ಬಿಟ್ಟರೆ ನಮ್ಮ ನಾಲ್ವರಲ್ಲಿ ಬೇರೇನೂ ಸಮಾನವಾಗಿರಲಿಲ್ಲ.

ಮರುದಿನ ನನ್ನನ್ನು ಕಣ್ಣಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಶಸ್ತ್ರಚಿಕಿತ್ಸಕರ ಹೆಸರು ಮಿಸ್ಟರ್ ಹಾರ್ಗ್ರೀವ್. ನನ್ನ ರೆಪ್ಪೆ ಹೊಲಿದರು, ಕಣ್ಣಿನೊಳಗಿನ ರಕ್ತ ಇಳಿಯಲು ಮಲಗಿಸಿದರು. ತಲೆ ಎತ್ತರಿಸಿ, ಅಲುಗಾಡದೆ. ಅವ್ವ ಅವರು ಹೋಗುವವರೆಗೆ ಕಾದು ಆಂಟಿಯನ್ನು ಕೇಳಿದಳು, “ಇಲ್ಲೆ ಎಲ್ಲಾರೂ ಡಾಕ್ಟರು. ಇವರೊಬ್ಬರ ಮಿಸ್ಟರ್ ಯಾಕ? ಪರೀಕ್ಷಾ ಪಾಸಾಗಿಲ್ಲೇನು?”

ಆಂಟಿ ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕರು. ಈ ದೇಶದಲ್ಲಿ ಸರ್ಜನ್ನುಗಳು ಮಿಸ್ಟರ್ ಅಂತಲೇ ಕರೆಸಿಕೊಳ್ಳುತ್ತಾರೆ, ಡಾಕ್ಟರ್ ಅಂದರೆ ಅವರಿಗೆ ಬೇಜಾರು ಎಂದು ತಿಳಿಸಿ ಹೇಳಿದರು. ಅವ್ವ ಒಪ್ಪಲಿಲ್ಲ. ಕೊನೆಯವರೆಗೂ ಅವರನ್ನು ಡಾಕ್ಟರ್ ಎಂದೇ ಕರೆದಳು. ಅವರಿಗೇನೂ ಬೇಜಾರಾದಂತೆ ಕಾಣಲಿಲ್ಲ.

ಡಿಟೆಕ್ಟಿವ್ ಕಾರ್ಲಾ ಬಂದದ್ದು ಆ ಭಾನುವಾರ ಮಧ್ಯಾಹ್ನ. ನನ್ನ ಕೊರಳ ಕೆಂಪು ಗುರುತನ್ನು ನೋಡಿ ಫೋಟೋ ತೆಗೆದರು. ಮೊದಲ ಗುಂಡು ಅಲ್ಲಿ ಬಿದ್ದಿದೆ, ಚರ್ಮ ಸೀಳಿಲ್ಲ, ಹಾಗಾದರೆ ಮಫ್ಲರ್ ಅದನ್ನು ಹಿಡಿದಿರಬೇಕು ಎಂದರು. ಬೇರೆ ಮೂವರ ಪೈಕಿ ಇಬ್ಬರ ಮೈಯಿಂದ, ಒಬ್ಬರ ಬಳಿಯ ಗೋಡೆಯಿಂದ ಗುಂಡು ಸಿಕ್ಕಿವೆ. ಬಂದೂಕು ಸಿಕ್ಕರೆ ಹೋಲಿಸಬಹುದು. ನಿಮ್ಮ ಬಟ್ಟೆಗಳು ಎಲ್ಲಿವೆ?

ಅವ್ವನಿಗೆ ಇಂಗ್ಲಿಷ್ ಬರುತ್ತದೆ. ತೊಳೆದಿದ್ದೇನೆ, ಒಣಗಿಸಿದ್ದೇನೆ, ನಾಳೆ ತರುತ್ತೇನೆ ಎಂದು ಅವಳೇ ಉತ್ತರಿಸಿದಳು.

ಕಾರ್ಲಾ ಬರೆಯುವುದನ್ನು ನಿಲ್ಲಿಸಿದರು. ಹೌದು, ತೊಳೆದೇ ತೊಳೆಯುತ್ತೀರಿ, ಅಮ್ಮಂದಿರು ತೊಳೆಯುತ್ತಾರೆ ಎಂದು ಮೆಲ್ಲಗೆ ಹೇಳಿದರು. ಅವರ ದನಿ ಅಷ್ಟು ಮೃದುವಾಗದೆ ಇದ್ದಿದ್ದರೆ ಅವ್ವನಿಗೆ ಅಷ್ಟು ಬೇಗ ಅರ್ಥವಾಗುತ್ತಿರಲಿಲ್ಲವೇನೋ. ಅವಳು ಅಪ್ಪನ ಕಡೆ ನೋಡಿ ಹೇಳಿದಳು, “ಮಷೀನಿನಾಗ ಏನೋ ಟಕ್ ಟಕ್ ಅಂತಿತ್ತು, ಕೇಳಿಸ್ತು ನಂಗ. ಚಿಲ್ಲರೆ ಇರಬೇಕಂತ ಜಳಕಕ್ಕ ಹೋದೆ.”

ಪೊಲೀಸರು ಮನೆಗೆ ಹೋಗಿ ಮಷೀನಿನ ಫಿಲ್ಟರ್ ಬಿಚ್ಚಿದರು, ಕೊಳವೆ ಬಿಚ್ಚಿದರು. ಒಂದು ಹೇರ್‌ಪಿನ್, ಒಂದು ಪೆನ್ನಿ. ಗುಂಡು ಇಲ್ಲ, ನೀರಿನ ಜೊತೆ ಹರಿದುಹೋಗಿರಬೇಕು. ಮಫ್ಲರ್ ತೆಗೆದುಕೊಂಡು ಹೋದರು. ಬಿಸಿನೀರಿಗೆ ಉಣ್ಣೆ ಕುಗ್ಗಿ, ಒತ್ತಾಗಿ, ತೂತು ಬಿದ್ದಿದ್ದ ಜಾಗವೂ ಕೂಡಿಕೊಂಡಿತ್ತು. ಎಲ್ಲಿ ತಾಗಿತು ಎಂದು ತೋರಿಸುವುದಕ್ಕೂ ಏನೂ ಉಳಿದಿರಲಿಲ್ಲ. ನಿಲ್ದಾಣದ ಹತ್ತಿರದ ಎರಡು ಕ್ಯಾಮೆರಾಗಳಲ್ಲಿ ಒಂದು ಅಂಗಡಿಯ ಬಾಗಿಲನ್ನು ನೋಡುತ್ತಿತ್ತು, ಇನ್ನೊಂದು ಕೆಟ್ಟಿತ್ತು.

ನಾಲ್ಕು ದಿನಕ್ಕೆ ಗುಂಡು ಹಾರಿಸಿದಾತ ಸಿಕ್ಕಿಬಿದ್ದ. ಕಾರು, ಬಂದೂಕು ಎರಡೂ ಸಿಕ್ಕವು. ನಾನು ಆಸ್ಪತ್ರೆಯಲ್ಲೇ ಇದ್ದೆ.

*

ಆಗಿನ ನನ್ನ ದಿನಚರಿ ಪೂರ್ತಿ ಅವ್ವನ ಅಕ್ಷರದಲ್ಲಿದೆ. ಹನ್ನೆರಡನೆಯ ವಯಸ್ಸಿನಿಂದ ಒಂದು ದಿನವೂ ಬಿಡದೆ ಬರೆದವಳು ನಾನು. ಓದಬೇಡ, ಬರೆಯಬೇಡ ಎಂದಾಗ ಕೈ ಕಟ್ಟಿ ಕೂರಿಸಿದಂತಾಯಿತು. ಅವ್ವ ನಾನು ಹೇಳಿದಂತೆ ಅಡ್ಡಗೆರೆ ಉದ್ದಗೆರೆ ಹಾಕಿ, ಕಣ್ಣಿಗೆ ಹನಿ ಬಿಟ್ಟ ಸಮಯ, ಅವತ್ತು ಎಡಗಣ್ಣಿಗೆ ಕಂಡದ್ದು ಏನು ಎಂದು ತುಂಬುತ್ತಿದ್ದಳು. ಮೊದಲ ವಾರ ಕಂಡದ್ದರ ಸಾಲಿನಲ್ಲಿ ‘ಬೆಳಕು’ ಎಂಬ ಒಂದೇ ಪದ ಮತ್ತೆ ಮತ್ತೆ ಇದೆ. ಆಮೇಲೆ ‘ಕೈ ಆಡಿದ್ದು’. ನವೆಂಬರ್ ಮುಗಿಯುವ ಹೊತ್ತಿಗೆ ‘ಬೆರಳು, ಮೂರೋ ನಾಲ್ಕೋ’. ಒಂದು ದಿನ ಅವಳು ನನ್ನನ್ನು ಕೇಳದೆಯೇ ‘ನನ್ನ ಕುಂಕುಮ ಕಂಡಳು’ ಎಂದು ಬರೆದಿದ್ದಾಳೆ. ನಾನು ನಿಜವಾಗಿ ಕಂಡಿದ್ದೆನೋ, ಅಲ್ಲಿ ಇದ್ದೇ ಇರುತ್ತದೆ ಎಂದು ಹೇಳಿದ್ದೆನೋ, ಈಗ ತಿಳಿಯದು.

ಕಣ್ಣಿನ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಎಲ್ಲರಿಗೂ ಮೊದಲು ಪಾಪೆ ಅಗಲವಾಗುವ ಹನಿ ಹಾಕುತ್ತಾರೆ. ಅರ್ಧ ತಾಸಿನ ಮೇಲೆ ಯಾರಿಗೂ ಪೇಪರು, ಫೋನು ಓದಲಾಗದು. ಆದ್ದರಿಂದ ಅಲ್ಲಿ ಜನ ಮಾತಾಡುತ್ತಾರೆ. ಲಂಡನ್ನಿನಲ್ಲಿ ಅಪರಿಚಿತರು ಇಷ್ಟು ಮಾತಾಡುವ ಬೇರೆ ಜಾಗವನ್ನು ನಾನು ನೋಡಿಲ್ಲ. ಜಮೈಕಾ ಮೂಲದ ಅಜ್ಜಿಯೊಬ್ಬರು ಗುರುವಾರಗಳಂದು ಸಿಗುತ್ತಿದ್ದರು. ಎಡಗಡೆಯಿಂದ ಯಾರು ಬಂದರೂ ನಾನು ಬೆಚ್ಚುವುದನ್ನು ಅವರು ಎರಡನೆಯ ವಾರಕ್ಕೇ ಗಮನಿಸಿದರು. ಅಂದಿನಿಂದ ಎಲ್ಲಿ ಖಾಲಿ ಇದ್ದರೂ ಬಂದು ನನ್ನ ಎಡಗಡೆಯ ಕುರ್ಚಿಯಲ್ಲೇ ಕೂರುತ್ತಿದ್ದರು. ಯಾರಾದರೂ ಬಂದರೆ ನಾನು ಹೇಳುತ್ತೇನೆ, ನೀನು ಆರಾಮಾಗಿರು ಎನ್ನುತ್ತಿದ್ದರು. ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಫೆಬ್ರವರಿಯ ನಂತರ ಅವರು ಬರಲಿಲ್ಲ. ಅವರ ಹೆಸರು ಬರೆದಿಟ್ಟುಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನಿಸುತ್ತದೆ.

ಭಯದ ಬಗ್ಗೆ ಹೆಚ್ಚು ಬರೆಯಲಾರೆ. ನಿಧಾನವಾಗಿ ಬರುವ ಕಾರು ಕಂಡರೆ ಅಂಗಡಿಯೊಳಗೆ ನುಗ್ಗುತ್ತಿದ್ದೆ. ಏನು ಬೇಕು ಎಂದು ಕೇಳಿದರೆ ಕೈಗೆ ಸಿಕ್ಕದ್ದನ್ನು ಕೊಳ್ಳುತ್ತಿದ್ದೆ. ಹೀಗೆ ಕೂಡಿಬಿದ್ದ ಬ್ಯಾಟರಿಗಳು ಮನೆಯಲ್ಲಿ ಇನ್ನೂ ಇವೆ.

*

ಜನವರಿಯಲ್ಲಿ ಮಿಸ್ಟರ್ ಹಾರ್ಗ್ರೀವ್ ಹೇಳಿದ್ದು ಇಷ್ಟು. ಗುಂಡು ಇರುವ ಜಾಗದಲ್ಲಿ ಈಗ ಅದರಿಂದ ತೊಂದರೆ ಇಲ್ಲ. ಸುತ್ತ ಗಾಯದ ಪದರ ಕಟ್ಟಿಕೊಳ್ಳುತ್ತಿದೆ. ತೆಗೆಯಲು ಹೋದರೆ ನರಕ್ಕೆ ಪೆಟ್ಟಾಗಿ, ಮರಳಿ ಬಂದಿರುವ ದೃಷ್ಟಿಯೂ ಹೋಗಬಹುದು. ಸೀಸ ರಕ್ತಕ್ಕೆ ಇಳಿಯುತ್ತಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸಿದರೆ ಸಾಕು. ಅದನ್ನು ಹಾಗೇ ಬಿಡೋಣ.

ಫೆಬ್ರವರಿಯಲ್ಲಿ ಸರ್ಕಾರಿ ವಕೀಲರ ಕಚೇರಿಯಲ್ಲಿ ಕೂತಾಗ ಬೇರೆಯೇ ಲೆಕ್ಕ ಎದುರಾಯಿತು. ಆತನಿಗೆ ನಾಲ್ಕು ಆರೋಪಗಳಲ್ಲಿ ಮೂರನ್ನು ಅಲ್ಲಗಳೆಯಲು ಸಾಧ್ಯವಿರಲಿಲ್ಲ. ನಾಲ್ಕನೆಯದು ನನ್ನದು. ಆ ರಸ್ತೆಗೆ ನಾನು ಹೋಗಿಯೇ ಇಲ್ಲ, ಆ ಹುಡುಗಿಗೆ ಹೊಡೆದವರು ಬೇರೆ ಯಾರೋ ಎಂದು ಆತ ಹೇಳುತ್ತಿದ್ದ. ಆತನ ಬಂದೂಕನ್ನೂ ನನ್ನನ್ನೂ ಜೋಡಿಸುವ ಒಂದೇ ವಸ್ತು ನನ್ನ ಕಣ್ಣಿನ ಹಿಂದೆ ಇತ್ತು. ನಾವು ಇದನ್ನು ಕೇಳಬಾರದು, ಒತ್ತಾಯ ಖಂಡಿತ ಇಲ್ಲ ಎಂದು ಮೊದಲೇ ಹೇಳಿ ವಕೀಲರು ಕೇಳಿದರು: ವೈದ್ಯರಿಗೆ ಅದನ್ನು ತೆಗೆಯುವ ಯೋಚನೆ ಏನಾದರೂ ಇದೆಯೇ?

ಕಾರ್ಲಾ ಕಿಟಕಿಯ ಹೊರಗೆ ನೋಡುತ್ತಿದ್ದರು.

ತೆಗೆಸಬೇಕು ಎಂದು ನನಗೆ ಅನಿಸಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎಡಗಣ್ಣಿನಲ್ಲಿ ನನಗೆ ಆಗ ಕಾಣುತ್ತಿದ್ದದ್ದು ಪರೀಕ್ಷೆಯ ಫಲಕದ ಮೇಲಿನ ಎರಡು ಸಾಲು. ಎರಡು ಸಾಲು ಕೊಟ್ಟು, ಅವತ್ತು ನನಗೆ ಏನಾಯಿತು, ಯಾಕಾಯಿತು ಎಂಬುದನ್ನು ನ್ಯಾಯಾಲಯದ ಬಾಯಿಂದ ಕೇಳಿಸಿಕೊಳ್ಳಬಹುದಾದರೆ ಅದು ದುಬಾರಿ ಅಲ್ಲ ಎನಿಸಿತು. ಪಟಾಕಿ ಅಂದರು, ಕಲ್ಲು ಅಂದರು, ಬೇರೆ ಯಾರೋ ಅಂದರು. ಎಲ್ಲೋ ಒಂದು ಕಡೆ ಸರಿಯಾಗಿ ದಾಖಲಾಗಬೇಕಿತ್ತು.

ಶಾಂತಲಾ ಆಂಟಿ ಮನೆಗೆ ಬಂದರು. ಅಡುಗೆಮನೆಯ ಮೇಜಿನ ಸುತ್ತ ಅವರು, ಅಪ್ಪ, ನಾನು ಕೂತೆವು. ಅಪ್ಪ ವೆಂಬ್ಲಿಯ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ, ಕಡಿಮೆ ಮಾತಿನವರು.

“ಪುಟ್ಟ, ನಾನು ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತಿದ್ದೀನಿ,” ಆಂಟಿ ಹೇಳಿದರು. “ಬೇಕಾಗಿಲ್ಲದ ಆಪರೇಷನ್ನು ಚೆನ್ನಾಗಿ ಆಗ್ಬಿಡತ್ತೆ ಅಂತ ಯಾರೂ ಮಾತು ಕೊಡಲ್ಲ. ನಾನಂತೂ ಕೊಡಲ್ಲ. ಅವತ್ತು ಕಾರು ಓಡಿಸ್ಕೊಂಡು ಹೋದವಳೇ ನಾನು. ಡಾಕ್ಟರಾಗಿ ನನಗೆ ಹೊಳೀಬೇಕಿತ್ತು, ಆ ಚೀಲ ಮುಟ್ಟಬೇಡಿ ಅಂತ.”

“ನೀವೇನು ಮಾಡೀರಿ,” ಎಂದರು ಅಪ್ಪ. ಆಮೇಲೆ ನನಗೆ, “ನೋಡವಾ ವಿಭಾ, ಕಣ್ಣು ನಿಂದು. ನಾ ಹೂಂ ಅಂದ್ರೂ ಬ್ಯಾಡ ಅಂದ್ರೂ ಅದು ನನ್ನ ಸಮಾಧಾನಕ್ಕ ಅಂದಂಗ ಆಗ್ತದ.”

ಅವ್ವ ಸಿಂಕಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಅಕ್ಟೋಬರಿನಿಂದ ಅವಳು ಆ ಮಷೀನು ಮುಟ್ಟಿರಲಿಲ್ಲ. ಎಲ್ಲರ ಬಟ್ಟೆಯನ್ನೂ ಬಚ್ಚಲಲ್ಲಿ ಕೈಯಿಂದ ಒಗೆಯುತ್ತಿದ್ದಳು. ನಾವು ಬೇಡ ಎಂದು ಹೇಳಿ ಸೋತಿದ್ದೆವು.

“ನೀ ಯಾಕ ತಗಸಬೇಕಂತಿ, ನಂಗ ಗೊತ್ತದ,” ಎಂದಳು, ತಿರುಗದೆ. “ನಾ ತೊಳದದ್ದು ತೊಳದೆ. ಅದನ್ನ ತುಂಬಲಿಕ್ಕೆ ನೀ ಕಣ್ಣು ಕೊಡಬ್ಯಾಡ. ಕೇಸು ಸೋತ್ರ ನಾ ತಡಕೋತೀನಿ. ಕಣ್ಣು ಹೋದ್ರ ನನ್ನ ಕಡೆಯಿಂದ ಆಗೂದಿಲ್ಲ.”

ಅವಳಿಗಾಗಿ ಅಲ್ಲ, ನನಗಾಗಿ ಎಂದು ಹೇಳಬೇಕೆಂದುಕೊಂಡೆ. ಆದರೆ ಅದು ಎಷ್ಟು ನಿಜ ಎಂದು ನನಗೇ ಖಾತ್ರಿ ಇರಲಿಲ್ಲ. ಮರುದಿನ ಕಾರ್ಲಾ ಅವರಿಗೆ ಫೋನ್ ಮಾಡಿ, ತೆಗೆಸುವುದಿಲ್ಲ ಎಂದೆ. ಅವರು, ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ ಎಂದರು.

*

ವಿಚಾರಣೆ ಜೂನ್ ತಿಂಗಳಲ್ಲಿ ಶುರುವಾಗಬೇಕಿತ್ತು. ಶುರುವಾಗಲಿಲ್ಲ. ಆ ಬೆಳಿಗ್ಗೆ ಆತ ಮೂರು ಆರೋಪಗಳನ್ನು ಒಪ್ಪಿಕೊಂಡ. ನಾಲ್ಕನೆಯದನ್ನು ಒಪ್ಪಲಿಲ್ಲ. ಸಾಕ್ಷ್ಯ ಸಾಲದ ಒಂದು ಆರೋಪಕ್ಕಾಗಿ ಉಳಿದ ಮೂವರನ್ನು ವಾರಗಟ್ಟಲೆ ಕಟಕಟೆಗೆ ಎಳೆಯುವುದು ಬೇಡ ಎಂದು ಸರ್ಕಾರಿ ವಕೀಲರು ತೀರ್ಮಾನಿಸಿದರು. ನನ್ನನ್ನು ಕಾರಿಡಾರಿನಲ್ಲಿ ಕೂರಿಸಿ ವಿವರಿಸಿದರು. ನನ್ನ ಆರೋಪವನ್ನು ಕಡತದಲ್ಲಿ ಇಟ್ಟಿರುತ್ತಾರೆ. ಆತ ಅದರಲ್ಲಿ ತಪ್ಪಿತಸ್ಥನೂ ಅಲ್ಲ, ನಿರಪರಾಧಿಯೂ ಅಲ್ಲ. ನ್ಯಾಯಾಲಯದ ಅನುಮತಿ ಇಲ್ಲದೆ ಅದನ್ನು ಮತ್ತೆ ಎತ್ತುವಂತಿಲ್ಲ. ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ. ಅದೇ ಹೆಚ್ಚು ನೋಯಿಸಿತು.

ಶಿಕ್ಷೆಯ ದಿನ ಪೆಟ್ಟು ತಿಂದವರು ತಮ್ಮ ಬದುಕಿಗೆ ಏನಾಯಿತೆಂದು ನ್ಯಾಯಾಧೀಶರ ಮುಂದೆ ಓದಬಹುದು. ನಾನೂ ಎರಡು ಪುಟ ಬರೆದಿದ್ದೆ. ಈಗ ಅದನ್ನು ಓದುವಂತಿರಲಿಲ್ಲ, ಏಕೆಂದರೆ ಕಾನೂನಿನ ಪ್ರಕಾರ ಆತ ನನಗೆ ಏನೂ ಮಾಡಿರಲಿಲ್ಲ. ಆದರೂ ಜುಲೈನಲ್ಲಿ ಅಪ್ಪನ ಜೊತೆ ಹೋದೆ. ಅವ್ವ ಬರಲಿಲ್ಲ. ಮುಂದಿನ ಬೆಂಚು ಸಂತ್ರಸ್ತರ ಮನೆಯವರಿಗೆ ಮೀಸಲು, ನೀವು ಮೇಲಿನ ಗ್ಯಾಲರಿಗೆ ಹೋಗಬೇಕು ಎಂದು ಸಿಬ್ಬಂದಿಯೊಬ್ಬರು ನಮ್ಮನ್ನು ತಡೆದರು. ಆಗ ತಮಿಳು ನರ್ಸ್ ಸೆಲ್ವಿ ಎದ್ದು ನಿಂತು, ಇವರು ನಮ್ಮ ಜೊತೆಯವರು ಎಂದು ಹೇಳಿ, ತನ್ನ ಗಂಡನನ್ನು ಆಚೆ ಸರಿಸಿ ನಮಗೆ ಜಾಗ ಮಾಡಿದರು. ಭುಜಕ್ಕೆ ಗುಂಡು ಬಿದ್ದಿದ್ದ ಅವರಿಗೆ ಇನ್ನೂ ಕೈ ಪೂರ್ತಿ ಮೇಲೇಳುತ್ತಿರಲಿಲ್ಲ. ಅದಕ್ಕೂ ಮೊದಲು ನಾವು ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ.

ಆತ ಗಾಜಿನ ಹಿಂದೆ ಕೂತಿದ್ದ. ಜಿಪಿ, ಅಂದರೆ ಬಡಾವಣೆಯ ವೈದ್ಯರ, ಹತ್ತಿರ ಸರದಿಗೆ ಕಾಯುವವನ ಹಾಗೆ ಕಂಡ. ಸರ್ಕಾರಿ ವಕೀಲರು ಓದಿದ್ದರಲ್ಲಿ ಒಂದು ಸಾಲು ನನ್ನ ತಲೆಯಲ್ಲಿ ನಿಂತಿದೆ. ಅವತ್ತು ಸಂಜೆ ಆತ ಬಿಳಿಯರಷ್ಟೇ ನಿಂತಿದ್ದ ಎರಡು ಬಸ್ ನಿಲ್ದಾಣಗಳನ್ನು ವೇಗ ತಗ್ಗಿಸಿ ದಾಟಿದ್ದ, ನೋಡಿ ಮುಂದೆ ಹೋಗಿದ್ದ. ಬಣ್ಣ ನೋಡಿ ಆರಿಸಿದ ಗುರಿ ಎಂದು ನ್ಯಾಯಾಧೀಶರು ಹೇಳಿದರು. ಆ ಕಾರಣಕ್ಕೇ ಶಿಕ್ಷೆ ಹೆಚ್ಚಿಸುತ್ತಿದ್ದೇನೆ ಎಂದೂ ಹೇಳಿದರು. ಹದಿನೇಳು ವರ್ಷ. ಮೂವರ ಹೆಸರುಗಳನ್ನು ಒಂದೊಂದಾಗಿ ಓದಿದರು. ನಾಲ್ಕನೆಯ ಹೆಸರಿಗೆ ಕಿವಿ ಕಾಯುತ್ತಲೇ ಇತ್ತು, ಇಲ್ಲವೆಂದು ಗೊತ್ತಿದ್ದೂ.

ಟ್ಯೂಬ್ ರೈಲಿನಲ್ಲಿ ಮನೆಯ ಕಡೆಗೆ ಹೊರಟೆವು. ಸ್ಟೇಷನ್ನಿನಿಂದ ಹೊರಗೆ ಬಂದ ಮೇಲೆ ಅಪ್ಪ, ನೀನು ಬರೆದ ಎರಡು ಪುಟ ನನಗೆ ಓದಿ ಹೇಳು ಎಂದರು. ದಾರಿಯ ಬದಿಯ ಬೆಂಚಿನ ಮೇಲೆ ಕೂತು ಓದಿದೆ. ಕೇಳಿ ಮುಗಿಸಿ ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡು, ಅವ್ವನಿಗೆ ಹಣ್ಣು ತೆಗೆದುಕೊಂಡು ಹೋಗೋಣ ಎಂದರು.

*

ಇದು ಇಲ್ಲಿಗೆ ಮುಗಿದಿದ್ದರೆ ಬರೆಯುತ್ತಿರಲಿಲ್ಲವೇನೋ. ಆಗಸ್ಟ್‌ನಲ್ಲಿ ಅವ್ವ ಹತ್ತು ತಿಂಗಳ ಮೇಲೆ ಮೊದಲ ಬಾರಿಗೆ ಕ್ವೀನ್ಸ್‌ಬರಿಯ ಆ ಅಂಗಡಿ ಸಾಲಿಗೆ ಹೋದಳು. ನಾನು ಜೊತೆಗಿದ್ದೆ. ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯ ಜಯೇಶಭಾಯಿ ನಮಗೆ ಹಳೆಯ ಪರಿಚಯ. ಅವ್ವ ಕೌಂಟರಿನ ಹತ್ತಿರ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಳು. ಎಲ್ಲ ಸರಿ ಇದೆಯಾ ಎಂದು ಅಪ್ಪ ಕೇಳಿರಬೇಕು. “ಏನಿಲ್ಲ, ಏನಿಲ್ಲ. ಬರ್ತೀವಿ,” ಎಂದಳು.

ಜಯೇಶಭಾಯಿ ತಲೆಯೆತ್ತಿದರು. ಇದು ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಇದೇ ಮಾತನ್ನು ಅವತ್ತು ಅವರೂ ಹೇಳುತ್ತಿದ್ದರು ಎಂದರು.

ಯಾರು ಎಂದು ಕೇಳಿದಾಗ ಅವರು ಹೇಳಿದ್ದು ಇದು. ನನ್ನನ್ನು ಬಸ್ಸಿನೊಳಗೆ ಕೂರಿಸಿದ್ದ ಹೊತ್ತಿನಲ್ಲಿ, ಸುಮಾರು ಅರವತ್ತು ದಾಟಿದ ಒಬ್ಬ ಗಂಡಸು ಅಂಗಡಿಯೊಳಗೆ ಬಂದರು. ಬೂದುಬಣ್ಣದ ಕೋಟು, ಉಣ್ಣೆಯ ಟೋಪಿ. ಬಲ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು, ಬೆರಳ ಸಂದಿಯಲ್ಲಿ ರಕ್ತ. ಬಸ್ ನಿಲ್ದಾಣದಲ್ಲಿ ಏನೋ ಚುಚ್ಚಿತು ಎಂದು ಹೇಳಿ ಹತ್ತಿ, ಪಟ್ಟಿ ಕೊಂಡರು. ಆಗಲೇ ಅವರ ಫೋನು ಬಂತು. ಮನೆಯವರಿರಬೇಕು. ಏನಿಲ್ಲ, ಏನಿಲ್ಲ ಎಂದು ಎರಡು ಮೂರು ಬಾರಿ ಹೇಳಿದರು, ಪಟ್ಟಿ ಸುತ್ತಿಕೊಂಡು ನಡೆದು ಹೋದರು. ಮತ್ತೆ ಬಂದಿಲ್ಲ.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪೊಲೀಸರು ಕಾರು ನೋಡಿದೆಯಾ ಎಂದು ಕೇಳಿದ್ದರು, ನೋಡಿಲ್ಲ ಎಂದು ಜಯೇಶಭಾಯಿ ಹೇಳಿದ್ದರು. ಹತ್ತಿ ಮಾರಿದೆಯಾ ಎಂದು ಯಾರೂ ಕೇಳಲಿಲ್ಲ ಬೇಟಾ ಎಂದರು. ಆಗ ಅವರಿಗೂ ಎಲ್ಲರ ಹಾಗೆ ಅದು ಪಟಾಕಿ ಎಂದೇ ಅನಿಸಿತ್ತು. ಹೇಳುತ್ತ ಹೇಳುತ್ತ ಅವರ ಮುಖ ಇಳಿದುಹೋಯಿತು. ಅವ್ವ ಕೌಂಟರಿನ ಮೇಲಿಂದ ಕೈ ಚಾಚಿ ಅವರ ಕೈ ತಟ್ಟಿದಳು. ಅದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಕಾರ್ಲಾ ಅವರಿಗೆ ತಿಳಿಸಿದ್ದೇನೆ. ಜಯೇಶಭಾಯಿ ಹೇಳಿಕೆ ಕೊಟ್ಟಿದ್ದಾರೆ. ಆದರೆ ಅಷ್ಟರಿಂದ ಆಗುವುದಿಲ್ಲ. ಆ ವ್ಯಕ್ತಿ ಸಿಕ್ಕರೆ, ಆ ನಿಲ್ದಾಣದಲ್ಲಿ ನಿಂತಿದ್ದೆ ಎಂದು ಹೇಳಿದರೆ, ಅವರ ಬಳಿ ಗುಂಡಿನ ಕುರುಹು ಏನಾದರೂ ಇದ್ದರೆ, ಕಡತವನ್ನು ಮತ್ತೆ ತೆರೆಯಲು ಕೇಳಬಹುದು. ಖಂಡಿತ ತೆರೆಯುತ್ತಾರೆ ಎಂದು ಅವರು ಮಾತು ಕೊಟ್ಟಿಲ್ಲ. ನಾನೂ ಆ ಆಸೆಯನ್ನು ಒಂದು ಮಿತಿಯಲ್ಲೇ ಇಟ್ಟುಕೊಂಡಿದ್ದೇನೆ.

ಈಗ ನನ್ನ ಎಡಗಣ್ಣಿಗೆ ಮೂರನೆಯ ಸಾಲು ಒಮ್ಮೊಮ್ಮೆ ಕಾಣುತ್ತದೆ. ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ರಕ್ತಪರೀಕ್ಷೆಯಲ್ಲಿ ಇದುವರೆಗೆ ತೊಂದರೆ ಕಂಡಿಲ್ಲ. ಗುಂಡು ತೆಗೆಸದೆ ತಪ್ಪು ಮಾಡಿದೆನೇ ಎಂದು ಕೆಲವು ದಿನ ಅನಿಸುತ್ತದೆ, ಕೆಲವು ದಿನ ಅನಿಸುವುದಿಲ್ಲ. ಅನಿಸಿದ ದಿನಗಳೇ ಹೆಚ್ಚು.

ಇಂಗ್ಲಿಷಿನಲ್ಲಿ ಬರೆಯದೆ ಇಲ್ಲಿ, ಕನ್ನಡದಲ್ಲಿ ಬರೆಯುತ್ತಿರುವುದು ಆ ಒಬ್ಬರು ಓದಲಿ ಎಂದು. ಅವರ ಮನೆಯವರೋ, ಅವರ ಜೊತೆ ಕೆಲಸ ಮಾಡುವವರೋ ಓದಿದರೂ ಆದೀತು. ಮಗಳನ್ನೋ ಮಗನನ್ನೋ ನೋಡಲು ಆ ತಿಂಗಳು ಊರಿನಿಂದ ಬಂದಿದ್ದವರೂ ಅವರಾಗಿರಬಹುದು. ನಿಮಗೆ ಗೊತ್ತಿರುವ ಯಾರಿಗಾದರೂ ಕಳೆದ ಅಕ್ಟೋಬರಿನಲ್ಲಿ ಕ್ವೀನ್ಸ್‌ಬರಿಯಲ್ಲಿ ಮಣಿಕಟ್ಟಿಗೆ ಪೆಟ್ಟಾಗಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ನೀವೇ ಆಗಿದ್ದರೆ: ಅದು ಪಟಾಕಿಯಲ್ಲ, ಮುಳ್ಳಲ್ಲ. ಮಣಿಕಟ್ಟಿನ ಒಳಗೆ ಗಟ್ಟಿಯಾಗಿ ಏನಾದರೂ ಕೈಗೆ ತಾಗುತ್ತಿದ್ದರೆ ಅದು ಸೀಸವಿರಬಹುದು, ವರ್ಷಗಳ ಮೇಲೆ ರಕ್ತಕ್ಕೆ ಇಳಿಯಬಹುದು. ಮೊದಲು ಜಿಪಿಗೆ ತೋರಿಸಿ, ಎಕ್ಸ್‌ರೇ ಮಾಡಿಸಿ. ಕೇಸು, ನಾನು, ನನ್ನ ಕಡತ ಎಲ್ಲ ಆಮೇಲೆ. ಅದಾದ ಮೇಲೆ ಮನಸ್ಸಿಗೆ ಬಂದರೆ ಈ ಪತ್ರಿಕೆಯ ಮೂಲಕ ನನಗೆ ಒಂದು ಸಾಲು ಬರೆಯಿರಿ.